ಮೀನಿನ ಮೈಮೇಲೆ ಬಿಳಿ ಚುಕ್ಕೆ



ಮನೆ, ಮಕ್ಕಳು, ಆಹಾರ, ಆರೋಗ್ಯ ಇವುಗಳನ್ನು ಕುರಿತು ಈ ಅಂಕಣದಲ್ಲಿ ನಾಲ್ಕು ಮಾತು ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಮೀನಿನ ರೋಗವನ್ನು ಕುರಿತು ಬರೆಯುತ್ತೇವೆಂದರೆ ಕೆಲವರಿಗೆ ನಗು ಬಂದೀತು. ಮಠದ ಪಾಠಶಾಲೆಯಲ್ಲಿ ಓದಿ, ತರ್ಕ ವ್ಯಾಕರಣಗಳಲ್ಲಿ ತಲೆ ನರೆಸಿಕೊಂಡವರಿಗೆ ಮೀನಿನ ಗೊಡವೆ ಏಕೆಂದು ಕೇಳುವವರೂ ಇರಬಹುದು. ಕೇಳುವುದು ನ್ಯಾಯವೇ. ಮೀನನ್ನು ಹತ್ತಿರದಿಂದ ನೋಡಿದ ಮನೆತನವೂ ನಮ್ಮದಲ್ಲ. ಆದರೆ ಕಳೆದ ವರ್ಷ ಬೆಂಗಳೂರಿನ ಮಗಳ ಮನೆಯಲ್ಲಿ ನಡೆದ ಒಂದು ಪ್ರಸಂಗ ನಮ್ಮ ಮನಸ್ಸನ್ನು ಬಿಟ್ಟು ಹೋಗಿಲ್ಲ. ಅದರಲ್ಲಿ ನಮ್ಮ ತಪ್ಪಿನ ಪಾಲೂ ಇರುವುದರಿಂದ ಹೇಳಿಕೊಳ್ಳುವುದು ಕರ್ತವ್ಯವೆಂದು ತಿಳಿದಿದ್ದೇವೆ.

ಮಗಳ ಮನೆಯ ನಡುಮನೆಯಲ್ಲಿ ಸುಮಾರು 200 ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿರುವುದು ಸಿಹಿನೀರಲ್ಲ, ಉಪ್ಪುನೀರು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಸಮುದ್ರದ ಲವಣಮಿಶ್ರಣವನ್ನು ಬೆರೆಸಿ ಸಿದ್ಧಪಡಿಸಿದ ಕೃತಕ ಸಮುದ್ರವದು. ಅಡುಗೆಯ ಉಪ್ಪು ಇದಕ್ಕೆ ಬಾರದು. ಸಮುದ್ರದ ನೀರಿನಲ್ಲಿ ಸುಣ್ಣದಂಶ, ಮೆಗ್ನೀಸಿಯಂ ಮೊದಲಾದ ಇತರ ಲವಣಗಳೂ ಇರಬೇಕು. ಆ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟೆಗಳಿರುವ ಎರಡು ಕ್ಲೌನ್ ಮೀನುಗಳು, ಕೆಂಪು ಬೆನ್ನಿನ ಎರಡು ಸೀಗಡಿಗಳು, ಒಂದಿಷ್ಟು ಬಸವನಹುಳುಗಳು ಇದ್ದವು. ಎಂಟನೆಯ ತರಗತಿಯ ನಮ್ಮ ಮೊಮ್ಮಗನೇ ಅವುಗಳ ಪಾಲಕ. ಶಾಲೆಯಿಂದ ಬಂದವನು ಕೈಕಾಲು ತೊಳೆಯುವ ಮೊದಲು ಅವುಗಳನ್ನು ಮಾತನಾಡಿಸುತ್ತಿದ್ದ.

ಅವನ ಹುಟ್ಟುಹಬ್ಬಕ್ಕೆ ತಂದೆ ಕಡುನೀಲಿ ಬಣ್ಣದ ಹೊಸ ಮೀನೊಂದನ್ನು ತಂದರು. ಬ್ಲೂ ಟ್ಯಾಂಗ್ ಎಂದು ಅದರ ಹೆಸರು. ಪೂರ್ಣ ಬೆಳೆದರೆ ಅದು ಒಂದು ಅಡಿಯಷ್ಟು ಉದ್ದವಾಗುವುದೆಂದೂ, ಅಷ್ಟು ಚಿಕ್ಕ ತೊಟ್ಟಿ ಅದಕ್ಕೆ ಸಾಲದೆಂದೂ, ಅದರ ಕುಲಕ್ಕೆ ಚುಕ್ಕೆರೋಗ ಬಹುಬೇಗ ಅಂಟುವುದೆಂದೂ ಮಾರಿದವರು ಹೇಳಲಿಲ್ಲ. ಇವರೂ ಕೇಳಲಿಲ್ಲ. ಚೀಲದಿಂದ ನೇರವಾಗಿ ತೊಟ್ಟಿಗೆ ಬಿಟ್ಟರು. ಮನೆಗೆ ಹೊಸ ದನ ತಂದರೆ ನಾಲ್ಕು ದಿನ ಬೇರೆ ಕಡೆ ಕಟ್ಟಿ ನೋಡುವ ನಮ್ಮ ಹಳ್ಳಿಯ ಪದ್ಧತಿ ನಮಗೆ ಆಗ ನೆನಪಾಗಬೇಕಿತ್ತು. ಆಗಲಿಲ್ಲ.

ಎಂಟನೆಯ ದಿನ ನೀಲಿ ಮೀನಿನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ನಾಲ್ಕೈದು ಬಿಳಿ ಚುಕ್ಕೆಗಳು ಕಂಡವು. ಅದು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಹುಡುಗ ಗಾಬರಿಯಿಂದ ನಮ್ಮನ್ನು ಕರೆದು ತೋರಿಸಿದ. ಸಿಹಿನೀರಿನ ಮೀನು ಸಾಕಿದ್ದ ನೆರೆಯವರು ತೊಟ್ಟಿಗೆ ಒಂದು ಹಿಡಿ ಉಪ್ಪು ಹಾಕಲು ಹೇಳಿದರು. ಸಮುದ್ರಕ್ಕೆ ಉಪ್ಪು ಹಾಕುವ ಸಲಹೆಯದು! ಸಿಹಿನೀರಿನ ಚುಕ್ಕೆರೋಗವೂ ಉಪ್ಪುನೀರಿನ ಚುಕ್ಕೆರೋಗವೂ ನೋಡಲು ಒಂದೇ, ಆದರೆ ರೋಗಾಣುಗಳು ಬೇರೆ. ನಾವು ಆಹಾರಕ್ಕೆ ಬೆಳ್ಳುಳ್ಳಿಯ ರಸ ಸೇರಿಸಲು ಹೇಳಿದೆವು. ನಾಲ್ಕು ದಿನಗಳಲ್ಲಿ ಚುಕ್ಕೆಗಳೆಲ್ಲ ಮಾಯವಾದವು. "ನೋಡಿದೆಯಾ ಮಗು, ಪ್ರಕೃತಿಯೇ ಗುಣಪಡಿಸಿತು" ಎಂದು ನಾವು ಹೆಮ್ಮೆಯಿಂದ ನುಡಿದೆವು. ಆ ಮಾತನ್ನು ಹುಡುಗ ನಂಬಿದ. ನಾವು ಮಾಡಿದ ತಪ್ಪು ಇದೇ.

ಮತ್ತೊಂದು ವಾರ ಕಳೆಯುವಷ್ಟರಲ್ಲಿ ಚುಕ್ಕೆಗಳು ಮರಳಿದವು. ಈ ಸಲ ನಾಲ್ಕೈದಲ್ಲ, ಎಣಿಸಲಾಗದಷ್ಟು. ಕ್ಲೌನ್ ಮೀನುಗಳ ಮೇಲೂ ಬಂದಿದ್ದವು. ನೀಲಿ ಮೀನು ಮೇವು ಮುಟ್ಟದೆ, ನೀರಿನ ಸೆಳೆತಕ್ಕೆ ಮುಖ ಕೊಟ್ಟು ಏದುಸಿರು ಬಿಡುತ್ತಿತ್ತು. ಅಳಿಯಂದಿರು ಅಂಗಡಿಗೆ ಹೋಗಿ ನೀಲಿ ಬಣ್ಣದ ಔಷಧದ ಬಾಟಲಿಯೊಂದನ್ನು ತಂದು, ಹೇಳಿದಷ್ಟು ಹನಿಗಳನ್ನು ತೊಟ್ಟಿಗೇ ಹಾಕಿದರು. ಬೆಳಗಾಗುವಷ್ಟರಲ್ಲಿ ಎರಡು ಸೀಗಡಿಗಳೂ ಸತ್ತು ಬಿದ್ದಿದ್ದವು. ಹುಡುಗ ಅಂದು ಶಾಲೆಗೆ ಹೋಗಲಿಲ್ಲ. "ನಾನೇ ಕೊಂದೆ" ಎಂಬ ಒಂದೇ ಮಾತು ಅವನ ಬಾಯಲ್ಲಿ.

ಅಂದೇ ನಮಗೆ ನೆನಪಾದವರು ನಮ್ಮ ಸಹಪಾಠಿಗಳ ಮಗ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಕಲಿತವರು, ಈಗ ಬೆಂಗಳೂರಿನಲ್ಲಿಯೇ ಇದ್ದಾರೆ. ಸಂಜೆಯೇ ಬಂದರು. ಬಂದವರು ಮೊದಲು ಮೀನನ್ನು ನೋಡಲಿಲ್ಲ, ನೀರನ್ನು ಪರೀಕ್ಷಿಸಿದರು. ನಮಗೆ ಆಶ್ಚರ್ಯವಾಯಿತು, ಆಮೇಲೆ ನಾಚಿಕೆಯೂ ಆಯಿತು. ಏಕೆಂದರೆ ಪಾಠಶಾಲೆಯಲ್ಲಿ ನಮ್ಮ ಗುರುಗಳು ಮಾಧವನಿದಾನವನ್ನು ಪಾಠ ಹೇಳುವಾಗ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಮೆಟ್ಟಿಲುಗಳನ್ನು ನಮ್ಮಿಂದ ಕಂಠಪಾಠ ಮಾಡಿಸಿದ್ದರು. ಕಾರಣ, ಮುನ್ಸೂಚನೆ, ಲಕ್ಷಣ, ಯಾವುದರಿಂದ ಉಪಶಮನವಾಗುವುದೆಂಬ ಪರೀಕ್ಷೆ, ರೋಗವು ಬೆಳೆಯುವ ಬಗೆ, ಇವೈದನ್ನೂ ತಿಳಿದ ಮೇಲೆ ಔಷಧದ ಮಾತು. ನಾವು ಐದನ್ನೂ ಬಿಟ್ಟು ಬೆಳ್ಳುಳ್ಳಿಗೆ ಹಾರಿದ್ದೆವು. ಆ ತರುಣರು ನಮಗಿಂತ ಉತ್ತಮ ಶಿಷ್ಯರಾಗಿದ್ದರು.

ಅವರು ಹೇಳಿಕೊಟ್ಟ ಕ್ರಮವನ್ನು ಮನೆಯಲ್ಲಿ ತೊಟ್ಟಿಯಿರುವ ಓದುಗರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಮೊದಲನೆಯದು ನೀರು. ಮೀನು ಏದುಸಿರು ಬಿಟ್ಟರೆ ಅದು ರೋಗವೇ ಆಗಬೇಕೆಂದಿಲ್ಲ. ನೀರಿನಲ್ಲಿ ಅಮೋನಿಯಾ ಸೇರಿದರೂ, ಪ್ರಾಣವಾಯು ಕಡಿಮೆಯಾದರೂ ಹಾಗೆಯೇ ಆಗುವುದು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗಿರಬೇಕು. ಪಿಎಚ್ 8.1ರಿಂದ 8.4ರವರೆಗೆ, ಉಷ್ಣತೆ 25 ಅಥವಾ 26 ಡಿಗ್ರಿ, ಸಾಂದ್ರತೆ 1.025ರ ಆಸುಪಾಸು ಇದ್ದರೆ ನೀರು ನೆಟ್ಟಗಿದೆ ಎಂದರ್ಥ. ನೀರು ಕೆಟ್ಟಿದ್ದರೆ ಅದನ್ನು ಬದಲಿಸುವುದೇ ಔಷಧ. ಬಾಟಲಿಯ ಔಷಧ ಹಾಕಿದರೆ ವಿಷದ ಮೇಲೆ ವಿಷ.

ಎರಡನೆಯದು ಉಸಿರು. ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುವುದೆಂದು ಗಡಿಯಾರ ಹಿಡಿದು ಎಣಿಸಬೇಕು. ಮೀನು ಆರೋಗ್ಯವಾಗಿದ್ದಾಗಲೇ ಒಮ್ಮೆ ಎಣಿಸಿ ಬರೆದಿಟ್ಟುಕೊಂಡಿದ್ದರೆ ಹೋಲಿಸಲು ಅನುಕೂಲ. ಮೇವು ತಿನ್ನುತ್ತದೆಯೇ, ಮೈ ಉಜ್ಜಿಕೊಳ್ಳುತ್ತದೆಯೇ, ಬೆಳಕಿಗೆ ಹೆದರುತ್ತದೆಯೇ ಎಂಬುದನ್ನೂ ಗುರುತಿಸಬೇಕು.

ಮೂರನೆಯದು ಚರ್ಮ. ಕೋಣೆಯ ದೀಪ ಆರಿಸಿ ಬದಿಯಿಂದ ಟಾರ್ಚು ಹಿಡಿದರೆ ಮೈಯ ಕಲೆಗಳು ಸ್ಪಷ್ಟವಾಗಿ ಕಾಣುತ್ತವೆ. ಉಪ್ಪಿನ ಹರಳಿನಂತೆ ಬಿಡಿಬಿಡಿಯಾಗಿ ಎಣಿಸಬಹುದಾದ ಚುಕ್ಕೆಗಳಾದರೆ ಕ್ರಿಪ್ಟೊಕ್ಯಾರಿಯಾನ್ ಎಂಬ ಚುಕ್ಕೆರೋಗ. ಹಿಟ್ಟು ಜರಡಿ ಹಿಡಿದಾಗ ಮೇಲೆ ಕೂರುವ ಧೂಳಿನಂತೆ, ಎಣಿಸಲು ಬಾರದ ನುಣುಪಾದ ಪುಡಿಯಾಗಿದ್ದು ಉಸಿರು ಬಹಳ ವೇಗವಾಗಿದ್ದರೆ ಅಮೈಲೊಓಡಿನಿಯಂ, ಅಂದರೆ ಮಖಮಲ್ ರೋಗ. ಅದು ಎರಡು ಮೂರು ದಿನಗಳಲ್ಲಿ ತೊಟ್ಟಿಯನ್ನೇ ಬರಿದು ಮಾಡಬಲ್ಲದು. ಗಂಜಿಯ ತಿಳಿ ಅಂಟಿದಂತೆ ಲೋಳೆ ಪದರವಾಗಿ ಕಳಚುತ್ತಿದ್ದರೆ, ಅದರಲ್ಲಿಯೂ ಕ್ಲೌನ್ ಮೀನಿನಲ್ಲಿ, ಬ್ರೂಕ್ಲಿನೆಲ್ಲಾ ಎಂಬ ರೋಗದ ಸಂಶಯ. ಕಣ್ಣು ಮಂಜಾಗಿ ಮೀನು ಮೈ ಉಜ್ಜುತ್ತಿದ್ದರೆ ಚಪ್ಪಟೆ ಹುಳುಗಳಿರಬಹುದು. ಉಷ್ಣತೆ ಮತ್ತು ಪಿಎಚ್ ಸರಿಹೊಂದಿಸಿದ ಸಿಹಿನೀರಿನಲ್ಲಿ ಕಣ್ಣಿಟ್ಟು ಕಾಯುತ್ತ ಐದು ನಿಮಿಷ ಮೀನನ್ನು ಇರಿಸಿದರೆ ಆ ಹುಳುಗಳು ಬೆಳ್ಳಗಾಗಿ ಉದುರುತ್ತವೆ. ಇದೇ ಉಪಶಯದ ಪರೀಕ್ಷೆ. ಹೂಕೋಸಿನಂಥ ಗಂಟುಗಳಿದ್ದು ಮೀನು ಲವಲವಿಕೆಯಿಂದಿದ್ದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಾಣುವಿನ ಬಾಧೆ. ಅದಕ್ಕೆ ಔಷಧವಿಲ್ಲ, ಒಳ್ಳೆಯ ನೀರು ಒಳ್ಳೆಯ ಮೇವು ಕೊಟ್ಟು ಕಾಯುವುದೊಂದೇ ದಾರಿ. ನೋಡಿ, ಬಿಳಿಯ ಬಣ್ಣ ಒಂದೇ, ರೋಗಗಳು ಐದು, ಚಿಕಿತ್ಸೆಗಳೂ ಬೇರೆ ಬೇರೆ.

ಸಂಶಯ ಉಳಿದರೆ ಸೂಕ್ಷ್ಮದರ್ಶಕ. ಅವರು ನೀಲಿ ಮೀನಿನ ಮೈಯ ಲೋಳೆಯನ್ನು ಗಾಜಿನ ಪಟ್ಟಿಗೆ ಸವರಿ ನಮ್ಮ ಮೊಮ್ಮಗನಿಗೆ ತೋರಿಸಿದರು. ನಾವೂ ಕನ್ನಡಕ ತೆಗೆದು ನೋಡಿದೆವು. ಕಪ್ಪನೆಯ ದುಂಡು ಜೀವಿಯೊಂದು ಮೆಲ್ಲಗೆ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಹೀಗೆ ತಿರುಗುವುದು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ಮಖಮಲ್ ರೋಗದ ಜೀವಿ ಅಂಟಿಕೊಂಡಲ್ಲಿಯೇ ಅಲುಗದೆ ಇರುತ್ತದೆ. ಈ ಜೀವಿಗೆ ಆ ಹೆಸರನ್ನು 1951ರಲ್ಲಿ ಬ್ರೌನ್ ಎಂಬವರು ಇಟ್ಟರು.

ಇನ್ನು ಸಂಪ್ರಾಪ್ತಿ. ನಮ್ಮ ಅಜ್ಞಾನ ಬಯಲಾದದ್ದು ಇಲ್ಲಿಯೇ. ಈ ಜೀವಿ ಮೀನಿನ ಚರ್ಮದೊಳಗೆ ಹುದುಗಿ ಮೂರರಿಂದ ಏಳು ದಿನ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಇದೇ. ಬೆಳೆದ ಮೇಲೆ ತಾನಾಗಿ ಮೀನನ್ನು ಬಿಟ್ಟು ತಳಕ್ಕೆ ಇಳಿದು, ಕಲ್ಲು ಮರಳುಗಳಿಗೆ ಅಂಟಿ, ಗಟ್ಟಿಯಾದ ಕೋಶ ಕಟ್ಟಿಕೊಳ್ಳುತ್ತದೆ. ಕೋಶದೊಳಗೆ ಒಂದು ಹಲವಾಗಿ ಒಡೆಯುತ್ತದೆ. ಒಂದು ಕೋಶದಿಂದ ಇನ್ನೂರಕ್ಕೂ ಮಿಕ್ಕಿ ಮರಿಗಳು ಹೊರಬರಬಹುದು. ಕೆಲವು ಕೋಶಗಳು ಮೂರೇ ದಿನಕ್ಕೆ ಒಡೆದರೆ, ಕೆಲವು 72 ದಿನಗಳವರೆಗೂ ಮಲಗಿರಬಲ್ಲವು. ಹೊರಬಂದ ಮರಿಗಳಿಗೆ ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಅಂದರೆ ಚುಕ್ಕೆಗಳು ಮಾಯವಾದಾಗ ರೋಗ ಗುಣವಾಗಿರಲಿಲ್ಲ. ಬಿತ್ತನೆ ಮುಗಿಸಿ ಮೊಳಕೆಗೆ ಕಾಯುತ್ತಿತ್ತು. ನಾವು ಪ್ರಕೃತಿಯನ್ನು ಹೊಗಳಿದ ದಿನವೇ ಔಷಧೋಪಚಾರ ಆರಂಭವಾಗಬೇಕಿತ್ತು.

ಸೀಗಡಿಗಳು ಏಕೆ ಸತ್ತವು ಎಂಬುದೂ ತಿಳಿಯಿತು. ಬಾಟಲಿಯಲ್ಲಿದ್ದುದು ತಾಮ್ರ. ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ ಪ್ರಮಾಣದಲ್ಲಿ ಸ್ವತಂತ್ರ ತಾಮ್ರವಿದ್ದರೆ ಅದು ಈಜುವ ಮರಿಗಳನ್ನು ಕೊಲ್ಲುತ್ತದೆ. ಚರ್ಮದೊಳಗಿರುವುದನ್ನಾಗಲಿ ಕೋಶದೊಳಗಿರುವುದನ್ನಾಗಲಿ ಕೊಲ್ಲಲಾರದು. ಸಂಯುಕ್ತ ರೂಪದ ತಾಮ್ರವಾದರೆ ಪ್ರಮಾಣ ಬೇರೆ. ತಯಾರಕರ ಸೂಚನೆಯನ್ನೂ ಅದಕ್ಕೆ ಹೊಂದುವ ಪರೀಕ್ಷಾ ಸಾಧನವನ್ನೂ ಅನುಸರಿಸಬೇಕು. ಸೀಗಡಿ, ಬಸವನಹುಳು ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳಿಗಂತೂ ತಾಮ್ರವೆಂಬುದೇ ವಿಷ. ಸಾಲದುದಕ್ಕೆ ಸುಣ್ಣದ ಕಲ್ಲೂ ಮರಳೂ ತಾಮ್ರವನ್ನು ಹೀರಿಕೊಳ್ಳುತ್ತವೆ. ಹೀಗಾಗಿ ರೋಗಾಣುವಿಗೆ ಸಾಲದೆ, ಸೀಗಡಿಗೆ ಹೆಚ್ಚಾಗಿ, ಆ ಔಷಧ ಎರಡೂ ಕಡೆ ಕೆಟ್ಟಿತು. ಈ ಕಾರಣದಿಂದಲೇ ಚಿಕಿತ್ಸೆಯನ್ನು ಮನೆತೊಟ್ಟಿಯಲ್ಲಿ ಮಾಡಬಾರದು, ರೋಗಿಗೆ ಬೇರೆ ತೊಟ್ಟಿ ಬೇಕು.

ಆ ರಾತ್ರಿಯೇ 40 ಲೀಟರಿನ ಬರಿಯ ಗಾಜಿನ ತೊಟ್ಟಿಯೊಂದು ಸಿದ್ಧವಾಯಿತು. ಮರಳಿಲ್ಲ, ಕಲ್ಲಿಲ್ಲ. ಗಾಳಿ ಊದುವ ಯಂತ್ರ, ಸ್ಪಂಜಿನ ಶೋಧಕ, ನೀರು ಬಿಸಿ ಮಾಡುವ ಸಾಧನ, ಮೀನು ಅಡಗಲು ಎರಡು ಪ್ಲಾಸ್ಟಿಕ್ ಕೊಳವೆಯ ತುಂಡುಗಳು, ಇಷ್ಟೇ. ವಿದ್ಯುತ್ತು ಹೋದರೆಂದು ಬ್ಯಾಟರಿಯ ಗಾಳಿಯಂತ್ರವನ್ನೂ ಇಟ್ಟುಕೊಂಡೆವು. ಅವರು ಮೂರು ಮಾರ್ಗಗಳನ್ನು ವಿವರಿಸಿದರು. ಒಂದು, ಅಳತೆಯಿಟ್ಟು ತಾಮ್ರ ಕೊಡುವುದು. ಎರಡು, ಮೂರು ಮೂರು ದಿನಗಳಿಗೊಮ್ಮೆ ಮೀನನ್ನು ಹೊಸ ನೀರಿನ ಒಣಗಿಸಿದ ತೊಟ್ಟಿಗೆ ವರ್ಗಾಯಿಸುತ್ತ, ಉದುರಿದ ಕೋಶಗಳನ್ನು ಹಿಂದೆ ಬಿಟ್ಟು ಹೋಗುವುದು. ಮೂರು, ನೀರಿನ ಉಪ್ಪನ್ನು ಇಳಿಸುವುದು. ಸಾಂದ್ರತೆ 1.009ಕ್ಕೆ ಇಳಿದರೆ ಮೀನು ತಾಳಿಕೊಳ್ಳುತ್ತದೆ, ಈ ರೋಗಾಣುವಿನ ಕೋಶ ತಾಳದು. ಮಖಮಲ್ ರೋಗಕ್ಕೆ ಮಾತ್ರ ಈ ಉಪಾಯ ನಡೆಯದು. ಆ ಜೀವಿ ಕಡಿಮೆ ಉಪ್ಪಿನಲ್ಲಿಯೂ ಬದುಕುತ್ತದೆ. ರೋಗದ ಹೆಸರು ತಿಳಿಯದೆ ಉಪ್ಪನ್ನೂ ಇಳಿಸಬಾರದೆಂಬುದು ಇದರಿಂದ ಸ್ಪಷ್ಟವಾಗುವುದು.

ನಾವು ಮೂರನೆಯ ಮಾರ್ಗ ಹಿಡಿದೆವು. ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ 1.009ಕ್ಕೆ ಇಳಿಸಿದೆವು. ಅಳತೆಗೆ ಮುಳ್ಳಿನ ಅಗ್ಗದ ಮಾಪಕ ನಂಬಲರ್ಹವಲ್ಲ. ವಕ್ರೀಭವನ ಮಾಪಕ ಬೇಕು, ಅದನ್ನೂ ಆಗಾಗ ಸರಿಹೊಂದಿಸಬೇಕು. 1.011 ಆದರೂ ಚಿಕಿತ್ಸೆ ವಿಫಲವಾಗಬಹುದು. ಹೊಸ ಶೋಧಕದಲ್ಲಿ ಉಪಕಾರಿ ಸೂಕ್ಷ್ಮಜೀವಿಗಳು ಇನ್ನೂ ನೆಲೆಸಿರುವುದಿಲ್ಲವಾದ್ದರಿಂದ ದಿನವೂ ಅಮೋನಿಯಾ ನೋಡಿ ನೀರು ಬದಲಿಸಬೇಕಾಯಿತು. ಬದಲಿಸುವ ನೀರೂ ಅದೇ ಸಾಂದ್ರತೆಯದಾಗಿರಬೇಕು.

ಮೂರನೆಯ ದಿನ ಬೆಳಿಗ್ಗೆ ನೀಲಿ ಮೀನು ಸತ್ತಿತ್ತು. ಕಿವಿರಿನೊಳಗೆ ರೋಗ ತುಂಬಿ ಹೋಗಿತ್ತೆಂದು ಆ ತರುಣರು ಹೇಳಿದರು. ಚುಕ್ಕೆ ಮೊದಲು ಕಾಣುವುದು ರೆಕ್ಕೆಯಲ್ಲಿ, ಕೊಲ್ಲುವುದು ಕಿವಿರಿನಲ್ಲಿ. ಹುಡುಗ ಅಳಲಿಲ್ಲ. ನಮ್ಮ ಕಡೆ ತಿರುಗಿ, "ಅಜ್ಜ, ಮೊದಲ ಸಲ ಚುಕ್ಕೆ ಬಂದಾಗಲೇ ಹೀಗೆ ಮಾಡಿದ್ದರೆ ಅದು ಉಳಿಯುತ್ತಿತ್ತೆ?" ಎಂದು ಕೇಳಿದ. ಸಮಾಧಾನದ ಮಾತುಗಳು ನಮ್ಮ ನಾಲಗೆಯ ತುದಿಯವರೆಗೆ ಬಂದವು. ಆದರೆ ಒಮ್ಮೆ ಸುಳ್ಳು ಸಮಾಧಾನ ಹೇಳಿ ಕೆಡಿಸಿದ್ದೆವಲ್ಲ! "ಬಹುಶಃ ಉಳಿಯುತ್ತಿತ್ತು ಮಗು. ನಿನಗೆ ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲ, ಆದರೂ ತಿಳಿದವರಂತೆ ಮಾತನಾಡಿದೆವು. ತಪ್ಪು ನಮ್ಮದು" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮೋನಿಯಾ ಪರೀಕ್ಷೆಯ ಪೆಟ್ಟಿಗೆ ತೆಗೆದುಕೊಂಡು ಕೆಲಸಕ್ಕೆ ಹೋದ. "ನಾನೇ ಕೊಂದೆ" ಎಂಬ ಮಾತನ್ನು ಆಮೇಲೆ ಅವನು ಆಡಲಿಲ್ಲ.

ಉಳಿದ ಎರಡು ಕ್ಲೌನ್ ಮೀನುಗಳ ಮೈ ಮುಂದಿನ ವಾರದಲ್ಲಿ ಶುಚಿಯಾಯಿತು. ಈ ಸಲ ಯಾರೂ ಸಂಭ್ರಮಿಸಲಿಲ್ಲ. ಕೊನೆಯ ಚುಕ್ಕೆ ಹೋದ ದಿನದಿಂದ ನಾಲ್ಕು ವಾರ ಅದೇ ನೀರಿನಲ್ಲಿ ಇಟ್ಟು, ಆಮೇಲೆ ಒಂದು ವಾರದ ಅವಧಿಯಲ್ಲಿ ಉಪ್ಪನ್ನು ಮೆಲ್ಲಗೆ ಏರಿಸಿದೆವು. ಇಳಿಸುವುದಕ್ಕಿಂತ ಏರಿಸುವಾಗಲೇ ಹೆಚ್ಚು ಎಚ್ಚರ ಬೇಕು. ಇತ್ತ ದೊಡ್ಡ ತೊಟ್ಟಿಯಲ್ಲಿ ಇಂಗಾಲದ ಶೋಧಕ ಇಟ್ಟು, ನೀರು ಬದಲಿಸುತ್ತ ತಾಮ್ರವನ್ನು ತೆಗೆದೆವು. ಒಂದು ಮೀನೂ ಇಲ್ಲದೆ ಆ ತೊಟ್ಟಿ 76 ದಿನ ಖಾಲಿಯಾಗಿತ್ತು. ಹೊಲವನ್ನು ಬೀಳು ಬಿಟ್ಟಂತೆ. ಕಳೆ ಹಸಿವಿನಿಂದ ಸಾಯಲೆಂದು. ಮೊಮ್ಮಗ ಗೋಡೆಯ ಪಂಚಾಂಗದಲ್ಲಿ ದಿನವೂ ಒಂದೊಂದು ಗೀಟು ಎಳೆಯುತ್ತಿದ್ದ. ನಡುವೆ ಅಳಿಯಂದಿರು, "ಅರವತ್ತು ದಿನವಾಯಿತಲ್ಲ, ಸಾಕು" ಎಂದರು. ಅವನು ಒಪ್ಪಲಿಲ್ಲ. 77ನೆಯ ದಿನ ಎರಡೂ ಮೀನುಗಳು ತಮ್ಮ ಮನೆಗೆ ಮರಳಿದವು. ಇಂದಿಗೂ ಚೆನ್ನಾಗಿವೆ.

ಬಂಧುಗಳೆ, ಗಾಜಿನ ತೊಟ್ಟಿಯ ಮೀನು ತಾನಾಗಿ ನಮ್ಮ ಮನೆಗೆ ಬಂದುದಲ್ಲ. ನಾವು ತಂದುದು. ಅದಕ್ಕೆ ಓಡಿಹೋಗಲು ಸಮುದ್ರವಿಲ್ಲ, ನೋವು ಹೇಳಲು ದನಿಯಿಲ್ಲ. ಆದುದರಿಂದ ತರುವ ಮೊದಲೇ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಎಷ್ಟು ದೊಡ್ಡದಾಗುವುದು? ಸಮುದ್ರದಿಂದ ಹಿಡಿದುದೋ, ಸಾಕಣೆಯಲ್ಲಿ ಹುಟ್ಟಿದುದೋ? ಕ್ಲೌನ್ ಮೀನುಗಳನ್ನು ಸಾಕಣೆಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಅಂಥ ಮರಿಗಳು ಸಿಗುವಾಗ ಸಮುದ್ರದ ಮರಿಗೆ ಆಸೆಪಡಬೇಕಾಗಿಲ್ಲ. ಜೀವಂತ ಹವಳವನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬಾರದು. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹೊಸ ಮೀನನ್ನು ಕನಿಷ್ಠ ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಮೇಲೆಯೇ ಹಳೆಯದರ ಜೊತೆಗೆ ಬಿಡಬೇಕು. ಫಾರ್ಮಲಿನ್‌ನಂಥ ಔಷಧಗಳು ಮನುಷ್ಯರಿಗೂ ಅಪಾಯಕರ. ಬಲ್ಲವರಿಲ್ಲದೆ ಮುಟ್ಟಬಾರದು, ಮಕ್ಕಳ ಕೈಗೆ ಎಟುಕುವಂತೆ ಇಡಬಾರದು.

ಮೊನ್ನೆ ಮೊಮ್ಮಗನ ಪತ್ರ ಬಂದಿತ್ತು. ನೀಲಿ ಮೀನು ಮತ್ತೆ ಬೇಕೆ ಎಂದು ತಂದೆ ಕೇಳಿದಾಗ ಬೇಡವೆಂದನಂತೆ. ತೊಟ್ಟಿ ಚಿಕ್ಕದಾಯಿತು ಎಂದನಂತೆ. ಪತ್ರದ ಕೊನೆಯಲ್ಲಿ, ನಮಗೆ ಚಳಿಗಾಲದಲ್ಲಿ ಬರುವ ಕೆಮ್ಮಿಗೆ ಈ ಸಲವೂ ಪಕ್ಕದ ಮನೆಯವರು ಕೊಟ್ಟ ಗುಳಿಗೆ ನುಂಗದೆ ವೈದ್ಯರಿಗೆ ಎದೆ ತೋರಿಸಬೇಕೆಂದು ಬರೆದಿದ್ದಾನೆ. ನಾಳೆ ಬೆಳಿಗ್ಗೆ ಹೋಗುವವರಿದ್ದೇವೆ.